ವಲ್ಕನೈಸಿಂಗ್ ಬೋರ್ಡಿನ ಹಿಂದಿನ ಮನುಷ್ಯ: ಚಾರ್ಲ್ಸ್ ಗುಡ್‌ಇಯರ್

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ನಮ್ಮ ಅಬ್ಬಾ ಅವರದು ಟೈರ್ ಅಂಗಡಿ. ದೊಡ್ಡದೇನಲ್ಲ. ಒಂದು ಕಂಪ್ರೆಸರ್, ಎರಡು ಜ್ಯಾಕ್, ಟ್ಯೂಬ್ ಮುಳುಗಿಸಿ ನೋಡುವ ನೀರಿನ ತೊಟ್ಟಿ, ಪ್ಯಾಚ್ ಕಾಯಿಸುವ ಒಂದು ಮಷಿನ್, ಅಷ್ಟೇ. ಬೋರ್ಡಿನ ಮೇಲೆ ಅಂಗಡಿಯ ಹೆಸರಿನ ಕೆಳಗೆ ವಲ್ಕನೈಸಿಂಗ್ ವರ್ಕ್ಸ್ ಎಂದು ಬರೆದಿದೆ. ಚಿಕ್ಕಂದಿನಿಂದ ಆ ಬೋರ್ಡು ನೋಡುತ್ತಲೇ ಬೆಳೆದಿದ್ದೇನೆ. ಆದರೆ ಆ ಪದಕ್ಕೆ ಅರ್ಥ ಏನು ಎಂದು ಕೇಳಬೇಕು ಅಂತ ಒಮ್ಮೆಯೂ ಅನಿಸಿರಲಿಲ್ಲ.

ಕಳೆದ ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿರುವ ನನ್ನ ಮಾಮೂ ಫೋನ್ ಮಾಡಿದರು. ಅವರು ಒಂದು ಹಳೆಯ ಕಾರು ತೆಗೆದುಕೊಂಡಿದ್ದರು. ಚಳಿಗಾಲ ಹತ್ತಿರ ಬಂದಿತ್ತು. ಅವರಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಟೈರ್ ಹಾಕಲೇಬೇಕು ಎಂದು ಕಾನೂನೇ ಇದೆ. ಹೇಗೂ ಟೈರ್ ಬದಲಿಸಬೇಕು, ದೊಡ್ಡ ಚಕ್ರ, ದೊಡ್ಡ ಟೈರ್ ಹಾಕಿದರೆ ಹಿಮದಲ್ಲಿ ಕಾರು ಚೆನ್ನಾಗಿ ಓಡುವುದಿಲ್ಲವೇ, ದುಲ್ಹಾಭಾಯ್ ನೀವೇ ಹೇಳಿ ಎಂದು ಅಬ್ಬಾ ಅವರನ್ನು ಕೇಳಿದರು.

ಅಬ್ಬಾ ಹಿಮವನ್ನು ಟಿವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿದವರಲ್ಲ. ಆದರೂ ಟೈರಿನ ಲೆಕ್ಕ ಎಲ್ಲ ಊರಿಗೂ ಒಂದೇ. ಕಾರಿನಲ್ಲಿ ಇದ್ದದ್ದು 195/65 ಆರ್15. ಮಾಮೂ ಹಾಕಬೇಕು ಅಂದುಕೊಂಡದ್ದು 205/65 ಆರ್16. ಅಬ್ಬಾ ನನ್ನ ಕೈಗೆ ಕ್ಯಾಲ್ಕುಲೇಟರ್ ಕೊಟ್ಟರು. ಹಳೆಯದರ ವ್ಯಾಸ ಸುಮಾರು 634 ಮಿಲಿಮೀಟರ್, ಹೊಸದರದ್ದು ಸುಮಾರು 673. ಶೇಕಡಾ 6ರಷ್ಟು ಹೆಚ್ಚು. ಅಂದರೆ ಸ್ಪೀಡೋಮೀಟರ್ 100 ತೋರಿಸುವಾಗ ಕಾರು 106ರಲ್ಲಿ ಓಡುತ್ತಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ತಾಗಬಹುದು. ಇಷ್ಟು ಹೇಳಿ ಅಬ್ಬಾ ಕೊನೆಗೆ ಒಂದು ಮಾತು ಸೇರಿಸಿದರು. ಚಕ್ರ ಎಷ್ಟು ದೊಡ್ಡದು ಅನ್ನುವುದಕ್ಕಿಂತ ರಬ್ಬರ್ ಎಂಥದ್ದು ಅನ್ನುವುದು ಮುಖ್ಯ, ಚಳಿಯಲ್ಲಿ ಕಲ್ಲಾಗುವ ರಬ್ಬರ್ ಎಷ್ಟು ದೊಡ್ಡದಿದ್ದರೂ ಜಾರುತ್ತದೆ ಎಂದರು. ಅಲ್ಲಿನ ಮೆಕ್ಯಾನಿಕ್ ಕೂಡ ಮಾಮೂಗೆ ಇದನ್ನೇ ಹೇಳಿದನಂತೆ. ಸಾಧಾರಣ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಇದ್ದು ರಸ್ತೆಯನ್ನು ಹಿಡಿಯುತ್ತದೆ.

ಚಳಿಗೆ ರಬ್ಬರ್ ಕಲ್ಲಾಗುವುದು ಏಕೆ, ಅದನ್ನು ತಡೆದವರು ಯಾರು ಎಂದು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಅವರನ್ನು ಕೇಳಿದೆ. ಅವರು ನಿಮ್ಮ ಅಂಗಡಿಯ ಬೋರ್ಡಿನಲ್ಲೇ ಉತ್ತರ ಇದೆ ಎಂದು ನಕ್ಕು, ಚಾರ್ಲ್ಸ್ ಗುಡ್‌ಇಯರ್ ಅವರ ಬಗ್ಗೆ ಓದಲು ಹೇಳಿದರು. ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಈ ಲೇಖನ.

ಚಾರ್ಲ್ಸ್ ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ. ತಂದೆ ಅಮಾಸಾ ಗುಡ್‌ಇಯರ್ ಗುಂಡಿ, ಕೃಷಿ ಸಲಕರಣೆ ಮುಂತಾದ ಲೋಹದ ಸಾಮಾನು ಮಾಡಿ ಮಾರುತ್ತಿದ್ದರು. ಮಗ ಹದಿಹರೆಯದಲ್ಲೇ ಫಿಲಡೆಲ್ಫಿಯಾ ನಗರಕ್ಕೆ ಹೋಗಿ ಹಾರ್ಡ್‌ವೇರ್ ವ್ಯಾಪಾರ ಕಲಿತರು. ಊರಿಗೆ ಮರಳಿ ತಂದೆಯ ಜೊತೆ ಪಾಲುದಾರರಾದರು. 1824ರಲ್ಲಿ ಕ್ಲಾರಿಸಾ ಬೀಚರ್ ಅವರನ್ನು ಮದುವೆಯಾದರು. ಎರಡು ವರ್ಷದ ನಂತರ ಫಿಲಡೆಲ್ಫಿಯಾದಲ್ಲಿ ಸ್ವಂತ ಹಾರ್ಡ್‌ವೇರ್ ಅಂಗಡಿ ತೆರೆದರು. ವ್ಯಾಪಾರ ಚೆನ್ನಾಗಿಯೇ ಆರಂಭವಾಯಿತು. ಆದರೆ ಉದ್ರಿ ಹೆಚ್ಚಾಯಿತು, ವಸೂಲಿ ಕಡಿಮೆಯಾಯಿತು. 1830ರ ಹೊತ್ತಿಗೆ ಅಂಗಡಿ ಮುಳುಗಿತು. ಅಕೌಂಟೆನ್ಸಿ ಓದುವ ನಮಗೆ ಇದು ಹೊಸ ಕತೆಯಲ್ಲ. ಲಾಭ ಪುಸ್ತಕದಲ್ಲಿದ್ದು, ನಗದು ಕೈಯಲ್ಲಿಲ್ಲದಿದ್ದರೆ ಆಗುವುದೇ ಹೀಗೆ.

ಆ ಕಾಲದಲ್ಲಿ ಅಲ್ಲಿ ಸಾಲ ತೀರಿಸದವರನ್ನು ಜೈಲಿಗೆ ಹಾಕುತ್ತಿದ್ದರು. ಗುಡ್‌ಇಯರ್ ಕೂಡ ಜೈಲು ಸೇರಿದರು. ಅದು ಮೊದಲ ಸಲ. ಕೊನೆಯದಲ್ಲ.

1834ರಲ್ಲಿ ನ್ಯೂಯಾರ್ಕ್‌ನಲ್ಲಿ ರಾಕ್ಸ್‌ಬರಿ ಇಂಡಿಯಾ ರಬ್ಬರ್ ಕಂಪನಿಯ ಮಳಿಗೆಯಲ್ಲಿ ಅವರು ನೀರಿನಲ್ಲಿ ಮುಳುಗದಂತೆ ಕಟ್ಟಿಕೊಳ್ಳುವ ಒಂದು ರಬ್ಬರ್ ಸಾಧನವನ್ನು ನೋಡಿದರು. ಅದರ ಗಾಳಿ ತುಂಬುವ ವಾಲ್ವ್ ಸರಿಯಿಲ್ಲ ಅನಿಸಿತು. ಅದಕ್ಕಿಂತ ಒಳ್ಳೆಯ ವಾಲ್ವ್ ಮಾಡಿಕೊಂಡು ಮತ್ತೆ ಹೋದರು. ಮಳಿಗೆಯವನು ವಾಲ್ವ್ ಮೆಚ್ಚಿದ, ಆದರೆ ಕೊಳ್ಳಲಿಲ್ಲ. ಕಂಪನಿಯೇ ಉಳಿಯುವ ಹಾಗಿರಲಿಲ್ಲ. ಬೇಸಿಗೆ ಬಂದರೆ ರಬ್ಬರ್ ಶೂ, ರಬ್ಬರ್ ಕೋಟು ಎಲ್ಲ ಬೆಲ್ಲದ ಪಾಕದಂತೆ ಕರಗಿ ನಾರುತ್ತಿದ್ದವು. ಗಿರಾಕಿಗಳು ಹಿಂದಿರುಗಿಸಿದ ಸಾಮಾನುಗಳನ್ನು ಗುಂಡಿ ತೋಡಿ ಹೂಳಬೇಕಾಗುತ್ತಿತ್ತು. ಚಳಿಗಾಲದಲ್ಲಿ ಅದೇ ಸಾಮಾನು ಹಲಗೆಯಂತೆ ಬಿಗಿಯಾಗಿ ಬಿರುಕು ಬಿಡುತ್ತಿತ್ತು. ಬೇಸಿಗೆಗೂ ಆಗದು, ಚಳಿಗೂ ಆಗದು. ಅಮೆರಿಕದಲ್ಲಿ ರಬ್ಬರಿಗೆ ಹಣ ಹಾಕಿದವರೆಲ್ಲ ಕೈ ಸುಟ್ಟುಕೊಂಡರು.

ಹೆಸರು ಇಂಡಿಯಾ ರಬ್ಬರ್ ಆದರೂ ಅದು ಬರುತ್ತಿದ್ದದ್ದು ನಮ್ಮ ದೇಶದಿಂದಲ್ಲ, ಬ್ರೆಜಿಲ್‌ನ ಅಮೆಜಾನ್ ಕಾಡಿನಿಂದ. ಇಂದು ನಮ್ಮ ಸುಳ್ಯ, ಪುತ್ತೂರು ಕಡೆ ಕಾಣುವ ರಬ್ಬರ್ ತೋಟಗಳ ಮರದ ಮೂಲವೂ ಆ ಕಾಡೇ. ಮರಕ್ಕೆ ಗಾಯ ಮಾಡಿದಾಗ ಒಸರುವ ಹಾಲಿನಲ್ಲಿ ರಬ್ಬರಿನ ಅಣುಗಳು ಉದ್ದುದ್ದ ನೂಲಿನ ಎಳೆಗಳ ಹಾಗೆ ಇರುತ್ತವೆ. ಒಂದಕ್ಕೊಂದು ಕಟ್ಟಿಕೊಂಡಿರುವುದಿಲ್ಲ. ಬಿಸಿಯಾದರೆ ಎಳೆಗಳು ಜಾರಿ ಹೋಗಿ ರಬ್ಬರ್ ಅಂಟಾಗುತ್ತದೆ. ಚಳಿಯಾದರೆ ಎಳೆಗಳು ಸಾಲಾಗಿ ಒತ್ತಿಕೊಂಡು ಗಟ್ಟಿಯಾಗುತ್ತವೆ. ಇದೆಲ್ಲ ಈಗ ನಮಗೆ ಪುಸ್ತಕದಲ್ಲಿ ಸಿಗುತ್ತದೆ. ಗುಡ್‌ಇಯರ್ ಅವರಿಗೆ ಇದಾವುದೂ ಗೊತ್ತಿರಲಿಲ್ಲ. ಅವರು ರಸಾಯನಶಾಸ್ತ್ರ ಓದಿದವರೇ ಅಲ್ಲ.

ನ್ಯೂಯಾರ್ಕ್‌ನಿಂದ ಫಿಲಡೆಲ್ಫಿಯಾಕ್ಕೆ ಮರಳಿದ ಕೂಡಲೇ ಸಾಲಗಾರರು ಅವರನ್ನು ಮತ್ತೆ ಜೈಲಿಗೆ ಹಾಕಿಸಿದರು. ರಬ್ಬರಿನ ಮೇಲಿನ ಅವರ ಪ್ರಯೋಗ ಶುರುವಾದದ್ದು ಅಲ್ಲೇ. ಹೆಂಡತಿಯಿಂದ ಲಟ್ಟಣಿಗೆ ತರಿಸಿಕೊಂಡು, ಕಚ್ಚಾ ರಬ್ಬರನ್ನು ಹಿಟ್ಟಿನಂತೆ ನಾದಿ ಲಟ್ಟಿಸುತ್ತಾ ಕುಳಿತರು. ರಬ್ಬರ್ ಅಂಟಾಗಿದ್ದರೆ ಅದಕ್ಕೆ ಒಣ ಪುಡಿ ಬೆರೆಸಿದರೆ ಅಂಟು ಹೋಗಬಹುದಲ್ಲ ಎಂಬುದು ಅವರ ಲೆಕ್ಕ. ನಮ್ಮ ಮನೆಯಲ್ಲಿ ಹಿಟ್ಟು ಕೈಗೆ ಅಂಟಿದರೆ ಅಮ್ಮಿ ಮಾಡುವುದೂ ಅದನ್ನೇ ಅಲ್ಲವೇ?

ಬಿಡುಗಡೆಯಾದ ಮೇಲೆ ಮೆಗ್ನೀಷಿಯಾ ಪುಡಿ ಬೆರೆಸಿ ನೋಡಿದರು. ಮೊದಲು ಬೆಳ್ಳಗೆ, ಚೆನ್ನಾಗಿ ಕಂಡಿತು. ಬೇಸಿಗೆಯಲ್ಲಿ ಕರಗಿತು. ಸುಣ್ಣ ಹಾಕಿ ಕುದಿಸಿದರು. ಅದಕ್ಕೆ ಬಹುಮಾನವೂ ಬಂತು. ಆದರೆ ಒಂದು ಹನಿ ಹುಳಿ ಬಿದ್ದರೆ ಸಾಕು, ಮತ್ತೆ ಅಂಟಾಗುತ್ತಿತ್ತು. ನೈಟ್ರಿಕ್ ಆಮ್ಲ ಹಾಕಿದರು. ಮೇಲ್ಮೈ ನಯವಾಯಿತು. 1837ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು, ಹಣ ಹಾಕುವ ಪಾಲುದಾರನೂ ಸಿಕ್ಕಿದ. ಅದೇ ವರ್ಷ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಬಂದು ಪಾಲುದಾರ ಎಲ್ಲವನ್ನೂ ಕಳೆದುಕೊಂಡ. ಆಮ್ಲದ ಹೊಗೆಯಿಂದ ಗುಡ್‌ಇಯರ್ ವಾರಗಟ್ಟಲೆ ಹಾಸಿಗೆ ಹಿಡಿದರು. ಆದರೂ ಬಿಡಲಿಲ್ಲ. ರಬ್ಬರಿನ ಕೋಟು, ರಬ್ಬರಿನ ಟೋಪಿ, ರಬ್ಬರಿನ ಶೂ ಹಾಕಿಕೊಂಡೇ ಬೀದಿಯಲ್ಲಿ ಓಡಾಡುತ್ತಿದ್ದರು. ಅವರನ್ನು ಗುರುತಿಸುವುದು ಸುಲಭ, ಮೈಮೇಲೆಲ್ಲ ರಬ್ಬರ್ ಇರುತ್ತದೆ, ರಬ್ಬರಿನ ಪರ್ಸಿನಲ್ಲಿ ಮಾತ್ರ ಒಂದು ಕಾಸೂ ಇರುವುದಿಲ್ಲ ಎಂದು ಜನ ನಗುತ್ತಿದ್ದರಂತೆ.

ನಂತರ ಸರ್ಕಾರ ಅಂಚೆ ಚೀಲಗಳಿಗೆ ಆರ್ಡರ್ ಕೊಟ್ಟಿತು. 150 ಚೀಲ. ಕೊನೆಗೂ ಕಷ್ಟ ತೀರಿತು ಎಂದು ಮನೆಯವರೆಲ್ಲ ಅಂದುಕೊಂಡಿರಬೇಕು. ಚೀಲಗಳನ್ನು ಮಾಡಿ ಕೋಣೆಯಲ್ಲಿ ತೂಗುಹಾಕಿ, ಕೆಲವು ದಿನ ಊರಿಗೆ ಹೋಗಿ ಬಂದು ನೋಡಿದರೆ ಸೆಕೆಗೆ ಚೀಲಗಳು ಮೆತ್ತಗಾಗಿ ಹಿಡಿಗಳು ಕಳಚಿ ಬಿದ್ದಿದ್ದವು. ಆಮ್ಲ ಮೇಲ್ಮೈಯನ್ನು ಮಾತ್ರ ಸರಿ ಮಾಡಿತ್ತು, ಒಳಗೆ ರಬ್ಬರ್ ಹಾಗೆಯೇ ಇತ್ತು.

ಆ ಹೊತ್ತಿಗೆ ಮ್ಯಾಸಚೂಸೆಟ್ಸ್ ರಾಜ್ಯದ ವೋಬರ್ನ್ ಊರಿನಲ್ಲಿ ನಥಾನಿಯಲ್ ಹೇವರ್ಡ್ ಎಂಬವರ ಪರಿಚಯವಾಯಿತು. ಅವರು ರಬ್ಬರಿಗೆ ಗಂಧಕದ ಪುಡಿ ಹಾಕಿ ಬಿಸಿಲಿಗೆ ಒಣಗಿಸುತ್ತಿದ್ದರು. ಅಂಟು ಸ್ವಲ್ಪ ಕಡಿಮೆಯಾಗುತ್ತಿತ್ತು. ಗುಡ್‌ಇಯರ್ ಅವರಿಂದ ಆ ವಿಧಾನದ ಹಕ್ಕು ಕೊಂಡುಕೊಂಡರು. 1839ರ ಚಳಿಗಾಲದಲ್ಲಿ ವೋಬರ್ನ್‌ನಲ್ಲಿ, ಗಂಧಕ ಬೆರೆಸಿದ ರಬ್ಬರಿನ ಒಂದು ತುಂಡು ಬಿಸಿ ಒಲೆಗೆ ತಾಗಿತು. ಕರಗಬೇಕಿದ್ದ ರಬ್ಬರ್ ಕರಗಲಿಲ್ಲ. ತೊಗಲಿನ ಹಾಗೆ ಸುಟ್ಟು ಗಟ್ಟಿಯಾಯಿತು. ಸುಟ್ಟ ಭಾಗದ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ ಸುಡದೆ, ಅಂಟಾಗದೆ, ಎಳೆದರೆ ಹಿಗ್ಗುವಂತೆ ಉಳಿದಿತ್ತು. ಅವರು ಆ ತುಂಡನ್ನು ಮನೆಯ ಬಾಗಿಲ ಹೊರಗೆ ಮೊಳೆ ಹೊಡೆದು ರಾತ್ರಿಯಿಡೀ ಕೊರೆಯುವ ಚಳಿಗೆ ಬಿಟ್ಟರು. ಬೆಳಿಗ್ಗೆ ಮುಟ್ಟಿ ನೋಡಿದರೆ ಮೆತ್ತಗೇ ಇತ್ತು. ಬಿರುಕು ಬಿಟ್ಟಿರಲಿಲ್ಲ.

ಮಾಮೂ ಅವರ ಕಾರಿನ ಚಳಿಗಾಲದ ಟೈರ್ ಹುಟ್ಟಿದ್ದು ಆ ಬೆಳಿಗ್ಗೆಯೇ ಎಂದು ನನಗೆ ಅನಿಸುತ್ತದೆ.

ಇದನ್ನು ಎಲ್ಲರೂ ಆಕಸ್ಮಿಕ ಎಂದು ಹೇಳುತ್ತಾರೆ. ಗುಡ್‌ಇಯರ್ ಅವರಿಗೆ ಮಾತ್ರ ಆ ಮಾತು ಹಿಡಿಸುತ್ತಿರಲಿಲ್ಲ. ಐದು ವರ್ಷ ಅದನ್ನೇ ಹುಡುಕುತ್ತಿದ್ದವನ ಕಣ್ಣಿಗೆ ಮಾತ್ರ ಆ ಅಂಚು ಕಂಡಿತು, ಬೇರೆಯವರಾಗಿದ್ದರೆ ಸುಟ್ಟ ತುಂಡನ್ನು ಎಸೆಯುತ್ತಿದ್ದರು ಎಂಬುದು ಅವರ ವಾದವಾಗಿತ್ತು. ನನಗೂ ಅದು ಸರಿ ಅನಿಸುತ್ತದೆ. ಬಿಸಿಯಾದಾಗ ಗಂಧಕ ಆ ನೂಲಿನ ಎಳೆಗಳ ನಡುವೆ ಅಲ್ಲಲ್ಲಿ ಸೇತುವೆಯ ಹಾಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಎಳೆಗಳು ಹಿಗ್ಗಬಹುದು, ಆದರೆ ಬಿಟ್ಟು ಜಾರಲಾರವು. ಗಂಧಕ ಕಡಿಮೆಯಾದರೆ ಅಂಟು, ಹೆಚ್ಚಾದರೆ ಕಟ್ಟಿಗೆಯಷ್ಟು ಗಟ್ಟಿ. ಎಷ್ಟು ಗಂಧಕ, ಎಷ್ಟು ಬಿಸಿ, ಎಷ್ಟು ಹೊತ್ತು? ಈ ಮೂರು ಲೆಕ್ಕ ಸರಿಹೋಗಲು ಇನ್ನೂ ವರ್ಷಗಳು ಬೇಕಾದವು.

ಆ ವರ್ಷಗಳ ಬಗ್ಗೆ ಓದುವಾಗ ನನಗೆ ಬಹಳ ಕಷ್ಟವಾಯಿತು. ಪ್ರಯೋಗಶಾಲೆ ಎಂಬುದು ಇರಲಿಲ್ಲ. ಕ್ಲಾರಿಸಾ ರೊಟ್ಟಿ ಬೇಯಿಸಿ ಮುಗಿಸಿದ ಮೇಲೆ ಅದೇ ಒಲೆಯಲ್ಲಿ ರಬ್ಬರ್ ಬೇಯುತ್ತಿತ್ತು. ಅಡುಗೆ ಪಾತ್ರೆಯ ಹಬೆಗೆ ರಬ್ಬರ್ ಹಿಡಿಯುತ್ತಿದ್ದರು. ಊರಿನ ಕಮ್ಮಾರರ, ಕಾರ್ಖಾನೆಯವರ ಕುಲುಮೆಗಳನ್ನು ಕೆಲಸ ಮುಗಿದ ಮೇಲೆ ಕೇಳಿ ಪಡೆಯುತ್ತಿದ್ದರು. ಮನೆಯಲ್ಲಿ ಊಟಕ್ಕೆ ಇರಲಿಲ್ಲ, ಉರಿಸಲು ಸೌದೆ ಇರಲಿಲ್ಲ. ಮನೆಯ ಸಾಮಾನು ಒಂದೊಂದಾಗಿ ಅಡವಿಗೆ ಹೋಯಿತು. ಕೊನೆಗೆ ಮಕ್ಕಳ ಶಾಲೆಯ ಪುಸ್ತಕಗಳನ್ನೂ ಮಾರಿದರು. 1840ರಲ್ಲಿ ಅವರ ಪುಟ್ಟ ಮಗ ತೀರಿಕೊಂಡಾಗ ಅಂತ್ಯಕ್ರಿಯೆಗೂ ಹಣ ಇರಲಿಲ್ಲ. ಅವರ 12 ಮಕ್ಕಳಲ್ಲಿ 6 ಮಕ್ಕಳು ಚಿಕ್ಕವರಿರುವಾಗಲೇ ಸತ್ತರು. ಅದೇ ವರ್ಷಗಳಲ್ಲಿ ಅವರು ಬಾಸ್ಟನ್‌ನಲ್ಲೂ ಸಾಲಕ್ಕಾಗಿ ಜೈಲು ಕಂಡರು.

ಇಲ್ಲಿ ನಾನು ಪುಸ್ತಕ ಮುಚ್ಚಿ ಅಮ್ಮಿಗೆ ಈ ಕತೆ ಹೇಳಿದೆ. ಗುಡ್‌ಇಯರ್ ಅವರ ಛಲವನ್ನು ಹೊಗಳುತ್ತಾರೆ ಅಂದುಕೊಂಡಿದ್ದೆ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹೆಂಗಸು ಏನು ಮಾಡಿದಳು ಎಂದು ಮಾತ್ರ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಕ್ಲಾರಿಸಾ ಬಗ್ಗೆ ಪುಸ್ತಕಗಳಲ್ಲಿ ಇರುವುದು ಬಹಳ ಕಡಿಮೆ. ಲಟ್ಟಣಿಗೆ ಅವರದು, ಒಲೆ ಅವರದು, ಸತ್ತ ಮಕ್ಕಳು ಅವರವರು. ಪೇಟೆಂಟಿನಲ್ಲಿ ಹೆಸರು ಮಾತ್ರ ಗಂಡನದು.

ನೆಂಟರಾದ ವಿಲಿಯಂ ಡಿ ಫಾರೆಸ್ಟ್ ಎಂಬ ಉಣ್ಣೆ ಬಟ್ಟೆಯ ಕಾರ್ಖಾನೆದಾರರು ಹಣ ಕೊಟ್ಟು ಕೈಹಿಡಿದ ಮೇಲೆ ಕೆಲಸ ಮುಂದುವರಿಯಿತು. ಒತ್ತಡದ ಹಬೆಯಲ್ಲಿ, 270 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 132 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ನಾಲ್ಕರಿಂದ ಆರು ಗಂಟೆ ಬೇಯಿಸಿದರೆ ರಬ್ಬರ್ ಒಂದೇ ಸಮನಾಗಿ ಬರುತ್ತದೆ ಎಂದು ಅವರು ಕಂಡುಕೊಂಡರು. 1844ರ ಜೂನ್ 15ರಂದು ಅಮೆರಿಕದ 3633ನೇ ಪೇಟೆಂಟ್ ಅವರ ಹೆಸರಿಗೆ ಬಂತು.

ಆದರೆ ಇಂಗ್ಲೆಂಡಿನಲ್ಲಿ ತಡವಾಗಿತ್ತು. ಅವರ ರಬ್ಬರಿನ ಮಾದರಿ ತುಂಡುಗಳು ಮೊದಲೇ ಅಲ್ಲಿಗೆ ಹೋಗಿದ್ದವು. ಅಲ್ಲಿನ ರಬ್ಬರ್ ತಯಾರಕ ಥಾಮಸ್ ಹ್ಯಾನ್‌ಕಾಕ್ ಅವನ್ನು ನೋಡಿ, ಗಂಧಕದ ಗುಟ್ಟನ್ನು ತಿಳಿದು, ತಾವೇ ಪ್ರಯೋಗ ಮಾಡಿ ಕೆಲವು ತಿಂಗಳು ಮೊದಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಹ್ಯಾನ್‌ಕಾಕ್ ಅವರ ಗೆಳೆಯ ವಿಲಿಯಂ ಬ್ರಾಕ್‌ಡನ್ ಎಂಬವರು ಈ ವಿಧಾನಕ್ಕೆ ರೋಮನ್ನರ ಬೆಂಕಿಯ ದೇವತೆ ವಲ್ಕನ್ ಹೆಸರಿನಿಂದ ವಲ್ಕನೈಸೇಷನ್ ಎಂದು ಹೆಸರಿಟ್ಟರು. ಅಬ್ಬಾ ಅವರ ಬೋರ್ಡಿನ ಮೇಲಿರುವುದು ಅದೇ ಪದ. ಕಂಡುಹಿಡಿದವರು ಒಬ್ಬರು, ಹೆಸರಿಟ್ಟವರು ಇನ್ನೊಬ್ಬರು. ಇಂಗ್ಲೆಂಡಿನ ಕೋರ್ಟಿನಲ್ಲಿ ಗುಡ್‌ಇಯರ್ ಕಡೆಗೆ ಸೋಲಾಯಿತು.

ಅಮೆರಿಕದಲ್ಲಿ ಗೆದ್ದರು. ಹೊರೇಸ್ ಡೇ ಎಂಬ ತಯಾರಕರ ವಿರುದ್ಧ 1852ರಲ್ಲಿ ಟ್ರೆಂಟನ್ ನಗರದಲ್ಲಿ ನಡೆದ ಮೊಕದ್ದಮೆ ದೊಡ್ಡ ಸುದ್ದಿಯಾಯಿತು. ಗುಡ್‌ಇಯರ್ ಪರವಾಗಿ ವಾದ ಮಾಡಿದವರು ಆಗ ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಡೇನಿಯಲ್ ವೆಬ್‌ಸ್ಟರ್. ಅವರ ಫೀಸು 15,000 ಡಾಲರ್. ಪೇಟೆಂಟ್ ಉಳಿಯಿತು. ಆದರೆ ಇಷ್ಟಾಗಿಯೂ ಗುಡ್‌ಇಯರ್ ಶ್ರೀಮಂತರಾಗಲಿಲ್ಲ. ಏಕೆಂದರೆ ಅವರು ಲೈಸೆನ್ಸುಗಳನ್ನು ತೀರ ಕಡಿಮೆ ರಾಯಲ್ಟಿಗೆ ಕೊಟ್ಟುಬಿಟ್ಟಿದ್ದರು. ಶೂ ಮಾಡುವವರು, ಬಟ್ಟೆ ಮಾಡುವವರು ಲಕ್ಷಾಧೀಶರಾದರು. ಪೇಟೆಂಟ್ ಅಮೂರ್ತ ಆಸ್ತಿ ಎಂದು ನಾವು ಓದುತ್ತೇವೆ. ಆಸ್ತಿ ಇದ್ದರೆ ಸಾಲದು, ಅದಕ್ಕೆ ಸರಿಯಾದ ಬೆಲೆ ಕಟ್ಟಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಕೈಗೆ ಬಂದ ಹಣವೂ ನಿಲ್ಲಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅವರಿಗೆ ಒಗ್ಗುತ್ತಿರಲಿಲ್ಲ. 1851ರ ಲಂಡನ್ ಪ್ರದರ್ಶನದಲ್ಲಿ 30,000 ಡಾಲರ್ ಖರ್ಚು ಮಾಡಿ ಗೋಡೆ, ಮೇಜು, ಅಲಂಕಾರ ಎಲ್ಲವನ್ನೂ ರಬ್ಬರಿನಲ್ಲಿ ಮಾಡಿಸಿ ತೋರಿಸಿದರು. 1855ರ ಪ್ಯಾರಿಸ್ ಪ್ರದರ್ಶನಕ್ಕೆ 50,000 ಡಾಲರ್ ಸುರಿದರು. ಅಷ್ಟರಲ್ಲಿ ಫ್ರಾನ್ಸಿನ ಪೇಟೆಂಟ್ ರದ್ದಾಗಿ, ರಾಯಲ್ಟಿ ನಿಂತು, ಸಾಲಗಾರರು ಅವರನ್ನು ಪ್ಯಾರಿಸ್ಸಿನ ಜೈಲಿಗೆ ಹಾಕಿಸಿದರು. ಚಕ್ರವರ್ತಿ ಮೂರನೇ ನೆಪೋಲಿಯನ್ ಕೊಟ್ಟ ಗೌರವ ಪದಕವನ್ನು ಮಗ ಜೈಲಿಗೇ ತಂದು ಕೈಗೆ ಕೊಟ್ಟ. ಕ್ಲಾರಿಸಾ ಅದನ್ನು ನೋಡಲು ಇರಲಿಲ್ಲ. 1853ರಲ್ಲೇ ಇಂಗ್ಲೆಂಡಿನಲ್ಲಿ ತೀರಿಕೊಂಡಿದ್ದರು.

1860ರ ಬೇಸಿಗೆಯಲ್ಲಿ ಮಗಳಿಗೆ ಕಾಯಿಲೆ ವಿಷಮಿಸಿದೆ ಎಂದು ತಿಳಿದು ಗುಡ್‌ಇಯರ್ ನೋಡಲು ಹೊರಟರು. ನ್ಯೂಯಾರ್ಕ್ ತಲುಪಿದಾಗ ಮಗಳು ಆಗಲೇ ತೀರಿಕೊಂಡ ಸುದ್ದಿ ಬಂತು. ಅಲ್ಲೇ ಕುಸಿದರು. ಜುಲೈ 1ರಂದು ಒಂದು ಹೋಟೆಲಿನಲ್ಲಿ ಕಣ್ಣು ಮುಚ್ಚಿದರು. ಆಗ ಅವರ ಮೇಲಿದ್ದ ಸಾಲ ಸುಮಾರು 2 ಲಕ್ಷ ಡಾಲರ್.

ಅವರು ಕಾರಿನ ಟೈರನ್ನು ನೋಡಲೇ ಇಲ್ಲ. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರ್ ಹಾಕಿ ಪೇಟೆಂಟ್ ಪಡೆದರು. 1895ರಲ್ಲಿ ಮಿಶಲಿನ್ ಸಹೋದರರು ಗಾಳಿ ಟೈರ್ ಹಾಕಿದ ಕಾರನ್ನು ಫ್ರಾನ್ಸಿನ ರೇಸಿನಲ್ಲಿ ಓಡಿಸಿದರು. 1934ರಲ್ಲಿ ಫಿನ್‌ಲೆಂಡಿನ ಒಂದು ಕಾರ್ಖಾನೆ ಹಿಮದ ರಸ್ತೆಗೆಂದೇ ಮೊದಲ ಚಳಿಗಾಲದ ಟೈರನ್ನು ಲಾರಿಗಳಿಗೆ ಮಾಡಿತು, 1936ರಲ್ಲಿ ಕಾರುಗಳಿಗೂ ಮಾಡಿತು. ಎಲ್ಲದರ ಒಳಗೂ ಇರುವುದು ಗಂಧಕ ಮತ್ತು ಬಿಸಿಯ ಅದೇ ಲೆಕ್ಕ.

ಇನ್ನೊಂದು ವಿಷಯ ಹೇಳದಿದ್ದರೆ ವಾಣಿಜ್ಯ ವಿದ್ಯಾರ್ಥಿಯಾಗಿ ತಪ್ಪಾಗುತ್ತದೆ. ಗುಡ್‌ಇಯರ್ ಎಂಬ ದೊಡ್ಡ ಟೈರ್ ಕಂಪನಿ ಎಲ್ಲರಿಗೂ ಗೊತ್ತು. ಅದು ಅವರ ಕಂಪನಿ ಎಂದೇ ನಾನು ತಿಳಿದಿದ್ದೆ. ಅಲ್ಲ. 1898ರಲ್ಲಿ, ಅವರು ಸತ್ತು 38 ವರ್ಷದ ನಂತರ, ಫ್ರಾಂಕ್ ಸೈಬರ್ಲಿಂಗ್ ಎಂಬವರು ಆಕ್ರನ್ ನಗರದಲ್ಲಿ ಅದನ್ನು ಸ್ಥಾಪಿಸಿ, ಗೌರವಕ್ಕಾಗಿ ಆ ಹೆಸರಿಟ್ಟರು. ಗುಡ್‌ಇಯರ್ ಕುಟುಂಬಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಾಲದಲ್ಲಿ ಸತ್ತ ಮನುಷ್ಯನ ಹೆಸರು ಇನ್ನೊಬ್ಬರಿಗೆ ಕೀರ್ತಿಮೌಲ್ಯವಾಯಿತು.

ಗುಡ್‌ಇಯರ್ ಅವರನ್ನು ಮಾದರಿ ಎಂದು ಹೇಳಬೇಕೇ, ಎಚ್ಚರಿಕೆ ಎಂದು ಹೇಳಬೇಕೇ? ನನಗೆ ಇನ್ನೂ ತೀರ್ಮಾನ ಆಗಿಲ್ಲ. ಅವರು ಬಿಟ್ಟುಬಿಟ್ಟಿದ್ದರೆ ಮಕ್ಕಳಿಗೆ ಊಟ ಸಿಗುತ್ತಿತ್ತು. ಬಿಡದೇ ಇದ್ದದ್ದಕ್ಕೆ ಇಂದು ಆಂಬುಲೆನ್ಸ್ ಓಡುತ್ತದೆ, ನಮ್ಮ ಕಾಲೇಜಿನ ಬಸ್ಸು ಓಡುತ್ತದೆ, ನಮ್ಮ ಮನೆಯ ಒಲೆ ಉರಿಯುತ್ತದೆ. ಈ ಎರಡನ್ನೂ ಒಂದೇ ಖಾತೆಯಲ್ಲಿ ಬರೆದು ಸರಿತೂಗಿಸಲು ನನಗೆ ಬರುವುದಿಲ್ಲ. ಒಂದು ಮಾತ್ರ ಗೊತ್ತು. ಛಲ ನಮ್ಮದಾದರೆ ಅದರ ಖರ್ಚನ್ನು ಯಾರು ಭರಿಸುತ್ತಿದ್ದಾರೆ ಎಂದು ಆಗಾಗ ತಿರುಗಿ ನೋಡಬೇಕು.

ಮಾಮೂ ಕೊನೆಗೆ ದೊಡ್ಡ ಚಕ್ರ ಹಾಕಲಿಲ್ಲ. ಹಳೆಯ ಅಳತೆಯಲ್ಲೇ ನಾಲ್ಕು ಚಳಿಗಾಲದ ಟೈರ್ ಹಾಕಿಸಿದರು. ಜನವರಿಯಲ್ಲಿ ಹಿಮ ತುಂಬಿದ ರಸ್ತೆಯಲ್ಲಿ ನಿಂತ ಕಾರಿನ ಫೋಟೋ ಕಳಿಸಿದರು. ಅಬ್ಬಾ ಅದನ್ನು ದೊಡ್ಡದು ಮಾಡಿ ಟೈರನ್ನು ಮಾತ್ರ ಬಹಳ ಹೊತ್ತು ನೋಡಿದರು.

ಮೊದಲು ಯಾರಾದರೂ ಅಬ್ಬಾ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರೆ ನಾನು ಬಿಸಿನೆಸ್ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಈಗ ವಲ್ಕನೈಸಿಂಗ್ ಎಂದು ಹೇಳುತ್ತೇನೆ. ಹಾಗೆಂದರೇನು ಎಂದು ಕೇಳಿದವರಿಗೆ ಈ ಕತೆ ಹೇಳುತ್ತೇನೆ. ಹೇಳುವಾಗ ಕ್ಲಾರಿಸಾ ಅವರ ಹೆಸರನ್ನೂ ಸೇರಿಸಿ ಹೇಳುತ್ತೇನೆ.